ಸಾಲು ತುಂಬ ತಲೆನೋವು
ತಾಲೂಕು ದವಾಖಾನೆಯ ಕಂಪೌಂಡರ್ ಬಸಂತರಾಯನಿಗೆ ದೇವರು ಗಂಟಲನ್ನು ಧಾರಾಳವಾಗಿ ಕೊಟ್ಟಿದ್ದ. ಅವನು "ಮಲಬದ್ಧತಿ ಯಾರ್ದು? ಮುಂದ ಬರ್ರಿ!" ಎಂದರೆ ಎದುರಿನ ಚಹಾದಂಗಡಿಯ ರೇಡಿಯೋ ಕೇಳಿಸುತ್ತಿರಲಿಲ್ಲ. ಹೆಂಗಸರ ಎದೆ ತಪಾಸಣೆಗೆಂದು ವಿಜಾಪುರದಿಂದ ಲೇಡಿ ಡಾಕ್ಟರೊಬ್ಬರು, ಊರವರ ಮಾತಿನಲ್ಲಿ ಡಾಕ್ಟರ್ ಬಾಯಿ, ತಿಂಗಳಿಗೊಮ್ಮೆ ಬರತೊಡಗಿದ ಮೇಲಂತೂ ಅವನ ಉತ್ಸಾಹ ಹೇಳತೀರದು. "ಎದ್ಯಾಗ ಗಂಟಿದ್ದವ್ರು ಈ ಕಡಿ, ತಲಿನೋವಿನವ್ರು ಆ ಕಡಿ ನಿಂದರ್ರಿ! ಸಣ್ಣದಿದ್ದಾಗನ ತೋರಿಸಿದ್ರ ಉಳೀತೀರಿ, ನಾಚಬ್ಯಾಡ್ರಿ!" ಆಲಮೇಲದ ಬಸ್ಸಿಳಿದು ಬಂದ ಹೆಂಗಸರೆಲ್ಲ ಸೆರಗು ಬಿಗಿಮಾಡಿಕೊಂಡು ತಲೆನೋವಿನ ಸಾಲಿಗೇ ಸೇರುತ್ತಿದ್ದರು, ಮಾತ್ರೆ ತೆಗೆದುಕೊಂಡು ತಿರುಗಿ ಹೋಗುತ್ತಿದ್ದರು. ಒಳಗೆ ಡಾಕ್ಟರ್ ಬಾಯಿ ಖಾಲಿ ಮಂಚ ನೋಡುತ್ತ ಕೂತಿದ್ದರೆ ಬಸಂತರಾಯ, "ನಮ್ಮ ತಾಲೂಕಿನ್ಯಾಗ ಒಂದೂ ಗಂಟಿಲ್ರಿ, ಬಾಯಾರ!" ಎಂದು ಮೀಸೆ ತಿರುವುತ್ತಿದ್ದ. ಒಂದು ಸಲ ಹೀಗೇ ರಿಜಿಸ್ಟರಿನಿಂದ ತಲೆಯೆತ್ತದೆ, "ನಿಮಗೇನಾಗೇತಿ? ಜೋರಾಗಿ ಹೇಳ್ರಿ" ಎಂದ. "ತಲಿನೋವ್ರಿ" ಎಂದಿತು ಪರಿಚಯದ ದನಿ. ಮನೆಯಲ್ಲಿ ಎಂದೂ ತಲೆನೋವೆನ್ನದ ಹೆಂಡತಿ ಕಸ್ತೂರೆವ್ವ ಸೆರಗಿನೊಳಗೆ ಎಡ ಎದೆಯನ್ನು ಒತ್ತಿ ಹಿಡಿದು ನಿಂತಿದ್ದಳು. ಬಸಂತರಾಯ ಅವಳ ಕಡೆ ಬಾಗಿ, "ಒಳಗ ನಡಿ, ಬಾಯಾರು ಅದಾರ" ಎಂದು ಹುಟ್ಟಿದಾಗಿನಿಂದ ಮೊದಲ ಬಾರಿ ಪಿಸುಗುಟ್ಟಿದ. ರಿಜಿಸ್ಟರಿನಲ್ಲಿ ಅವಳ ಹೆಸರು ಬರೆಯಹೋದವನ ಕಣ್ಣಿಗೆ ತಾನೇ ಬರೆದ ಹಿಂದಿನ ಸಾಲುಗಳು ಬಿದ್ದವು: ಚನ್ನವ್ವ, ತಲೆನೋವು; ಶಮಶಾದಬಿ, ತಲೆನೋವು; ಸಿದ್ದವ್ವ, ಮೂರನೆಯ ಸಲ, ತಲೆನೋವು.