ದುರಂತವೆಂಬ ಮೆತ್ತನೆಯ ಮಾತು

ಟಕ್, ಟಕ್, ಚರಕ್.

ಚಾಕುವಿನ ಹಿಡಿ ಏಡಿಯ ದಪ್ಪ ಕಾಲಿನ ಮೇಲೆ ಬಿದ್ದು ಚಿಪ್ಪು ಬಿರಿಯುವ ಸದ್ದು. ಟಿಮನ್ಸ್ ದ್ವೀಪದ ಏಡಿ ಶೆಡ್ಡಿನಲ್ಲಿ ಬೆಳಕು ಹರಿಯುವ ಮೊದಲೇ ಅದು ಶುರುವಾಗುತ್ತದೆ. ಉದ್ದನೆಯ ಉಕ್ಕಿನ ಮೇಜು, ನಡುವೆ ಬೆಂದ ಏಡಿಗಳ ರಾಶಿ, ಸುತ್ತ ನಾವು ಹೆಂಗಸರು. ಎಲ್ಲರ ಸದ್ದೂ ಒಂದೇ ಅಲ್ಲ. ಲೂವೀನಿಯಾಳದು ಜಗಳಕ್ಕೆ ಹೊರಟವಳ ಸದ್ದು. ಐಡೆಲ್ ಸ್ಮಾಲ್ಸ್‌ಳದು ಬಿಟ್ಟು ಬಿಟ್ಟು ಬರುವ ಸದ್ದು, ಇಳಿತದ ನೀರಿನಲ್ಲಿ ದೋಣಿ ಕಟ್ಟೆಗೆ ತಾಗಿದ ಹಾಗೆ.

ಐಡೆಲ್ ಹುಡುಗಿಯಾಗಿದ್ದಾಗಿನಿಂದ ಇದೇ ಮೇಜಿನಲ್ಲಿ ಕೂತವಳು. ಸೀಗಡಿ ಹಿಡಿಯಲು ಹೋದ ಗಂಡನನ್ನು ದೋಣಿಸಮೇತ ಕಡಲು ನುಂಗಿತು. ಮಕ್ಕಳಾಗಲಿಲ್ಲ. ತಂಗಿ ಡೋರಾಳನ್ನೇ ಮಗಳಂತೆ ಸಾಕಿದಳು. ಆಮೇಲೆ ಇಬ್ಬರೂ ಮುದುಕಿಯರಾಗಿ ಒಂದೇ ಮನೆಯಲ್ಲಿ, ಒಂದೇ ರೇಡಿಯೊಗಾಗಿ ಕಿತ್ತಾಡುತ್ತ ಬದುಕಿದರು. ಏಡಿಯ ವಾಸನೆ ಅವಳ ಬೆರಳಿಂದ ನಿಂಬೆಗೂ ಹೋಗುತ್ತಿರಲಿಲ್ಲ. ಚರ್ಚಿನಲ್ಲಿ ಪಕ್ಕದವರು ಮುಖ ತಿರುಗಿಸಿದರೆ ನಗುತ್ತಿದ್ದಳು. “ಇದು ದುಡಿದ ವಾಸನೆ ಕಣಮ್ಮ, ನೀನು ಪೂಸಿಕೊಂಡಿರೋದಕ್ಕಿಂತ ವಾಸಿ” ಅನ್ನುತ್ತಿದ್ದಳು.

ಅವಳಿಗೆ ವಾಕರಿಕೆ ಬರುತ್ತಿದ್ದುದು ಒಂದು ಮಾತಿಗೆ. ಆ ಮಾತು ದುರಂತ.

ಅದು ನಮ್ಮ ದ್ವೀಪಕ್ಕೆ ಬಂದದ್ದು ಹೀಗೆ. ನಮ್ಮಲ್ಲಿ ಮಣ್ಣಿನ ಸಂಘ ಅಂತ ಒಂದಿದೆ. ಸತ್ತವರನ್ನು ಮರ್ಯಾದೆಯಿಂದ ಮಣ್ಣು ಮಾಡಲು ನಮ್ಮ ಮುತ್ತಜ್ಜಂದಿರು ಕೂಡಿ ಕಟ್ಟಿದ್ದು. ಬಿಳಿಯರ ಸ್ಮಶಾನದಲ್ಲಿ ಕರಿಯರಾದ ಅವರಿಗೆ ಜಾಗವಿರಲಿಲ್ಲ. ಸಂಘದ ಹಾಲ್‌ನಲ್ಲಿ ಶನಿವಾರ ಸಂಜೆ ಮೀನು ಕರಿದು ಊರಿಗೆಲ್ಲ ಬಡಿಸುತ್ತೇವೆ. ಎರಡು ವಸಂತಗಳ ಹಿಂದೆ ಅಂಥದೊಂದು ಸಂಜೆ, ಒಳನಾಡಿನ ಕಡೆಯ ಒಬ್ಬ ಬಿಳಿಯ ಯುವಕ ಬಂದ. ಹೊಸಬರಿಗೆ ಮೊದಲು ಬಡಿಸುವುದು ನಮ್ಮ ರೂಢಿ. ಡೋರಾ ಬಡಿಸಿದಳು. ಟೊಮೆಟೊ ಹಾಕಿ ಬೇಯಿಸಿದ ಕೆಂಪನ್ನ ಇನ್ನೊಂದಿಷ್ಟು ಬೇಕೆಂದ. ಅದನ್ನೂ ಬಡಿಸಿದಳು. ತಿಂದು ಮುಗಿಸಿ, ಎದ್ದು, ಚೀಲದಿಂದ ಬಂದೂಕು ತೆಗೆದ. ಆರು ಮಂದಿ ಸತ್ತರು. ಡೋರಾ ಒಲೆಯ ಮುಂದೆಯೇ ಬಿದ್ದಳು.

ಐಡೆಲ್ ಆಗ ಹಿಂದಿನ ನಲ್ಲಿಯಲ್ಲಿ ಮೀನು ತೊಳೆಯುತ್ತಿದ್ದಳು. ಒಳಗೆ ಓಡಿಬಂದಾಗ ಅವನು ಹೊರಟುಹೋಗಿದ್ದ. ಅವಳು ಮೊದಲು ಕಂಡದ್ದು ಅವನ ತಟ್ಟೆಯನ್ನಂತೆ. ಮುಳ್ಳುಗಳನ್ನು ಒಪ್ಪವಾಗಿ ಒಂದು ಅಂಚಿಗೆ ಜೋಡಿಸಿಟ್ಟಿದ್ದ, ಮನೆಯಲ್ಲಿ ತಾಯಿ ಕಲಿಸಿದ ಹಾಗೆ. ಇದನ್ನು ಹೇಳುವಾಗಲೆಲ್ಲ ಅವಳು ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದಳು.

ಸಿಕ್ಕಿಬಿದ್ದ ಮೇಲೆ ಅವನೇನೂ ಬಚ್ಚಿಡಲಿಲ್ಲ. ತುಂಬಿದ ಕೋರ್ಟಿನಲ್ಲಿ ನ್ಯಾಯಾಧೀಶರು ಕೇಳಿದಾಗ ಸ್ಪಷ್ಟವಾಗಿ ಹೇಳಿದ: “ಹೆದರಿಸೋಕೆ ಬಂದೆ. ಸತ್ತವರನ್ನಲ್ಲ, ಉಳಿದ ಕರಿಯರನ್ನ. ಅವರು ಆ ದ್ವೀಪ ಬಿಟ್ಟು ಹೋಗಬೇಕು.” ಕೊಲೆಯ ಆಪಾದನೆಯಲ್ಲೇ ಜೀವ ಇರುವವರೆಗೆ ಜೈಲಾಯಿತು. ಭಯೋತ್ಪಾದನೆ ಎಂಬ ಮಾತನ್ನು ಸರಕಾರಿ ವಕೀಲರು ಬಾಯಿಗೆ ತರಲಿಲ್ಲ. ಪತ್ರಿಕೆ ಅವನನ್ನು ಒಂಟಿ ಹುಡುಗ ಎಂದಿತು, ಮನಸ್ಸು ಕೆಟ್ಟವನು ಎಂದಿತು. ನಮ್ಮ ಜಿಲ್ಲೆಯ ಆಡಳಿತ ನಡೆಸುವ ಕೌಂಟಿಯವರು ನಡೆದದ್ದನ್ನು ದುರಂತ ಎಂದರು, ಎಲ್ಲ ಕಡೆಯೂ, ತಲೆ ತಗ್ಗಿಸಿ, ಮೆಲುದನಿಯಲ್ಲಿ.

“ಬಿರುಗಾಳಿ ಬಂದು ಸೂರು ಹಾರಿದ್ರೆ ದುರಂತ,” ಅಂದಳು ಐಡೆಲ್ ಒಂದು ಬೆಳಿಗ್ಗೆ, ಚಿಪ್ಪು ಒಡೆಯುತ್ತ. “ನನ್ನ ಗಂಡನ ದೋಣಿ ಮುಳುಗಿದ್ದು ದುರಂತ. ಗಾಳಿ ನಮ್ಮ ಬಣ್ಣ ನೋಡಿ ಬರ್ಲಿಲ್ಲ.”

“ಪೆಟ್ರೋಲ್ ಬಂಕಿನ ಆ ಯೆಮನ್‌ನವನು ನೆನಪಿದಾನಾ?” ಲೂವೀನಿಯಾ ಕೇಳಿದಳು. “ಕುಡುಕನೊಬ್ಬನ ತೋಳಿಗೆ ಚಾಕು ತಾಗಿಸಿದ್ದು. ಸಂಜೆ ಸುದ್ದಿ ಹೊತ್ತಿಗೆ ಶೆರಿಫ್ ಬಾಯಲ್ಲಿ ಭಯೋತ್ಪಾದನೆ ಅನ್ನೋ ಮಾತು ಬಂದಿತ್ತಪ್ಪ. ಮಾರನೇ ದಿನ ಜಗಳ ಚಿಲ್ಲರೆಗೆ ಅಂತ ಗೊತ್ತಾಯ್ತು.”

“ಆ ಮಾತಿಗೂ ಗಡ್ಡ ಬೇಕು ಕಣೇ,” ಅಂದಳು ಐಡೆಲ್.

ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ.

ಕೌಂಟಿ ಕಮಿಷನರ್ ಪ್ರಿಚರ್ಡ್ ಕೋರ್ಟಿನ ಮುಂದಿನ ಹುಲ್ಲುಹಾಸಿನಲ್ಲಿ ಒಂದು ನೆನಪಿನ ಕಲ್ಲು ನಿಲ್ಲಿಸುವ ಮಾತು ತೆಗೆದದ್ದು ಆ ವಾರವೇ. ನಮ್ಮವರ ಹೆಸರು ಆ ಕೋರ್ಟಿನ ಮುಂದೆ ಎಂದೂ ಕಲ್ಲಿಗೇರಿದ್ದಿಲ್ಲ. ಮನಸ್ಸು ಹಿಗ್ಗದೆ ಇದ್ದೀತೆ? ಅದರಲ್ಲಿ ಏನು ಕೆತ್ತುವುದೆಂದು ಅವರೇ ಬರೆದು ಕಳಿಸಿದ್ದರು. ಸತ್ತವರ ಆರೂ ಮನೆಯವರು ಒಪ್ಪಿದರೆ ಮಾತ್ರ ಕೆತ್ತುವುದು ಎಂದೂ ಹೇಳಿದ್ದರು. ಲೂವೀನಿಯಾ ಏಡಿ ಮೇಜಿನ ಬಳಿ ನಿಂತು ಗಟ್ಟಿಯಾಗಿ ಓದಿದಳು: “ಈ ದುರಂತದಲ್ಲಿ ನಮ್ಮನ್ನಗಲಿದ ಆರು ನೆರೆಹೊರೆಯವರ ನೆನಪಿಗೆ.” ಕೆಳಗೆ ಆರು ಹೆಸರು.

ಐಡೆಲ್‌ಳ ಚಾಕು ನಿಂತಿತು.

“ಅಗಲಿದ? ನನ್ನ ತಂಗಿ ಯಾರನ್ನೂ ಅಗಲಲಿಲ್ಲ. ಮೀನು ಕರೀತಾ ಇದ್ಲು.”

ಭಾನುವಾರ ಚರ್ಚು ಬಿಟ್ಟ ಮೇಲೆ ಸಂಘದ ಹಾಲ್‌ನಲ್ಲಿ ಸಭೆ. ಡೋರಾ ಬಿದ್ದ ಒಲೆಯ ಮುಂದಿನ ಜಾಗಕ್ಕೆ ಹೊಸ ಹಲಗೆ ಹಾಸಿದ್ದರು. ಈಗೀಗ ಅಲ್ಲಿ ಯಾರೂ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ. ಬೆಂಚುಗಳೆಲ್ಲ ಸೊಟ್ಟಗೆ ತಿರುಗಿವೆ. ಪ್ರಿಚರ್ಡ್ ಒಬ್ಬರೇ ಬಾಗಿಲಿಗೆ ಬೆನ್ನು ಮಾಡಿ ಆರಾಮಾಗಿ ಕೂತರು. ಅಂಚು ಕತ್ತರಿಸಿದ ಸಣ್ಣ ಸ್ಯಾಂಡ್‌ವಿಚ್‌ಗಳ ತಟ್ಟೆಯೊಂದನ್ನು ತಂದಿದ್ದರು. ನಮ್ಮ ಸಾವಿನ ಲೆಕ್ಕಕ್ಕೆ ತಿಂಡಿ. ಯಾರೂ ಮುಟ್ಟಲಿಲ್ಲ.

ಸಂಘದಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. ಒಪ್ಪಿದ ಮನೆಯವರು ಎದ್ದು ನಿಲ್ಲುತ್ತಾರೆ. ಎಲ್ಲರೂ ನಿಂತ ಮೇಲೆ ಒಂದು ಹಾಡು. ಹಾಡು ಮುಗಿದರೆ ಮಾತು ಮುಗಿದಂತೆ. ಒಂದೇ ಒಂದು ಮನೆಯವರು ಕೂತಿದ್ದರೂ, ಹಾಡಿನ ಹೊತ್ತಿಗೆ ಹೊರಗಿದ್ದರೂ, ಮಾತು ಬಿದ್ದುಹೋಯಿತು. ಕೂತವರನ್ನು ಯಾಕೆ ಎಂದು ಒಂದು ಸಲ ಕೇಳಬಹುದು. ಎರಡನೇ ಸಲ ಕೇಳುವುದಿಲ್ಲ. ಸಭೆ ನಡೆಸುವವರು ನಮ್ಮ ಚರ್ಚಿನ ಹಿರಿಯರಾದ ಡೀಕನ್ ಐಸಾಯ ಫ್ರೇಜರ್. ಅವರ ಅಜ್ಜ ಇದೇ ಹಾಲ್‌ನ ಸೂರಿನ ತಗಡು ಬದಲಿಸುವ ಮಾತಿಗೆ ಎದ್ದು ನಿಲ್ಲದೆ ಎರಡು ಮಳೆಗಾಲ ಕಳೆದ. ಜನ ಛತ್ರಿ ಹಿಡಿದು ಸಭೆ ಮಾಡಿದರೇ ಹೊರತು ಅವನನ್ನು ಮತ್ತೆ ಕೇಳಲಿಲ್ಲ.

ಐದು ಮನೆಯವರು ನಿಂತರು. ಆ ಸಂಜೆ ಹೆಂಡತಿ ಮಾರ್ವಾಳನ್ನು ಕಳೆದುಕೊಂಡ ಡೀಕನ್‌ರೂ ನಿಂತರು. ಐಡೆಲ್ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತೇ ಇದ್ದಳು.

“ಐಡೆಲ್, ಯಾಕೆ?” ಡೀಕನ್ ಕೇಳಿದರು. ಅವರಿಬ್ಬರೂ ಒಂದೇ ಬೆಂಚಿನಲ್ಲಿ ಅಕ್ಷರ ಕಲಿತವರು.

“ಯಾಕೆ ಬಂದೆ ಅಂತ ಅವನೇ ಹೇಳಿದ. ಅದನ್ನ ಕೆತ್ತಲಿ. ‘ನಮ್ಮನ್ನು ಹೆದರಿಸಿ ಓಡಿಸಲು ನಡೆದ ಭಯೋತ್ಪಾದನೆ’ ಅಂತ. ನಾನು ಎದ್ದು ನಿಲ್ತೀನಿ. ಹಾಡೂ ನಾನೇ ಎತ್ತಿಕೊಡ್ತೀನಿ.”

ಡೀಕನ್ ನಿಟ್ಟುಸಿರು ಬಿಟ್ಟರು. “ನೋಡಮ್ಮ, ಆ ಮಾತು ಸರಕಾರದ ಕೈಯಲ್ಲಿರೋ ದೊಣ್ಣೆ. ನಾವೇ ಅದಕ್ಕೆ ಎಣ್ಣೆ ಸವರಿ ಕೊಟ್ರೆ ಮೊದಲು ಬೀಳೋದು ಯಾರ ತಲೆ ಮೇಲೆ? ನಮ್ಮಪ್ಪ ಓಟಿಗೆ ಹೆಸರು ಬರೆಸೋಕೆ ಹೋದಾಗ ಅವನನ್ನೇ ದೇಶಕ್ಕೆ ಅಪಾಯ ಅಂದ್ರು. ನಾಳೆ ನಮ್ಮ ಹುಡುಗರು ರಸ್ತೇಲಿ ಒಂದು ಕಲ್ಲೆಸೆದ್ರೂ ಆ ಮಾತು ಅವರ ಕೊರಳಿಗೆ ಬೀಳುತ್ತೆ.”

ಅದು ಸುಳ್ಳಲ್ಲ. ಐಡೆಲ್ ತಲೆಯಾಡಿಸಿದಳು.

“ಅದು ನನಗೂ ಗೊತ್ತು ಡೀಕನ್. ನಮ್ಮ ಕೊರಳಿಗೆ ಹೇಗೂ ಹಾಕ್ತಾರೆ, ನಾವು ಕೇಳಿದ್ರೂ ಕೇಳದಿದ್ರೂ. ಅವನ ಕೊರಳಿಗೆ ಹಾಕೋವಾಗ ಮಾತ್ರ ನಮ್ಮ ಅಪ್ಪಣೆ ಬೇಕಾ? ಆ ಮಾತೇ ಕೆಟ್ಟದ್ದು ಅನ್ನಿ, ಯಾರಿಗೂ ಬೇಡ ಅನ್ನಿ, ಒಪ್ತೀನಿ. ಹಾಗಾದ್ರೆ ಅವನು ಹೇಳಿದ್ದನ್ನೇ ಇದ್ದ ಹಾಗೇ ಬರೆಸಿ. ಈ ಸಕ್ಕರೆ ಪಾಕ ಬೇಡ.”

ಪ್ರಿಚರ್ಡ್ ಮುಂದಕ್ಕೆ ಬಾಗಿದರು. “ಮಿಸ್ ಐಡೆಲ್, ನಿಮ್ಮ ನೋವು ನಮಗೆ ಅರ್ಥ ಆಗುತ್ತೆ. ಆದ್ರೆ ಕಲ್ಲು ಎಲ್ಲರದ್ದೂ. ಮಕ್ಕಳು ಓದ್ತಾರೆ. ಬೀಚಿಗೆ ಬರೋ ಜನ ಓದ್ತಾರೆ.”

“ಅವರಿಗೆ ಹೆದರಿಕೆ ಆಗಬಾರದು, ಅಲ್ವಾ?”

“ಅದೇ! ಅದನ್ನೇ ನಾನು ಹೇಳ್ತಿರೋದು.” ಅವರ ಮುಖ ಅರಳಿತು.

ಹಿಂದಿನ ಬೆಂಚಿನಿಂದ ಲೂವೀನಿಯಾ, “ನಮ್ಮನ್ನ ಹೆದರಿಸಿದ ಸುದ್ದಿ ಓದಿದ್ರೆ ಅವರಿಗೆ ಹೆದರಿಕೆ ಆಗುತ್ತಂತೆ ಕಣ್ರೇ. ಪಾಪ,” ಅಂದಳು.

ಪ್ರಿಚರ್ಡ್‌ರ ಕಿವಿ ಕೆಂಪಾಯಿತು. ಗಡಿಯಾರ ನೋಡಿಕೊಂಡರು. ಆ ಮಾತು ಹಾಕಿದರೆ ಕೌಂಟಿ ಕಲ್ಲಿಗೆ ಜಾಗ ಕೊಡುವುದಿಲ್ಲ, ಈ ಬೇಸಿಗೆ ಹೋದರೆ ಇನ್ನು ಯಾವಾಗಲೋ ಗೊತ್ತಿಲ್ಲ ಎಂದು ಡೀಕನ್‌ರ ಕಿವಿಯಲ್ಲಿ ಹೇಳಿದರು. ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಡೀಕನ್ ಮುದುಕರು. ಮಾರ್ವಾಳ ಹೆಸರನ್ನು ಕೋರ್ಟಿನ ಮುಂದೆ ಕಣ್ಣಿಂದ ನೋಡಿ ಸಾಯಬೇಕೆಂಬ ಆಸೆ ಅವರಿಗಿದ್ದುದು ನಮಗೆಲ್ಲ ಗೊತ್ತಿತ್ತು.

“ಐಡೆಲ್,” ಅಂದರು ಅವರು, ನೆಲ ನೋಡುತ್ತ. “ಇನ್ನೊಂದ್ಸಲ ಕೇಳ್ತೀನಿ. ಯಾಕೆ ಏಳಲ್ಲ ನೀನು?”

ಐಡೆಲ್ ಅವರನ್ನೇ ನೋಡಿದಳು. ಬಂದೂಕಿನವನ ಹೆಸರು ಕೇಳಿದಾಗಲೂ ಅವಳ ಮುಖದಲ್ಲಿ ನಾನು ಅಂಥ ಹೇಸಿಗೆ ಕಂಡಿರಲಿಲ್ಲ. ಅದು ಕಮಿಷನರ್‌ರ ಮೇಲಿನದಲ್ಲ. ಅವರಿಂದ ಅವಳು ಏನನ್ನೂ ನಿರೀಕ್ಷಿಸಿರಲಿಲ್ಲ. ಎರಡನೇ ಸಲ ಕೇಳಬಾರದೆಂದು ಮುತ್ತಜ್ಜಂದಿರು ಹಾಕಿಕೊಟ್ಟ ಒಂದೇ ಒಂದು ಮರ್ಯಾದೆಯನ್ನು, ಸ್ಯಾಂಡ್‌ವಿಚ್ ತಟ್ಟೆ ತಂದವರೊಬ್ಬರ ಅವಸರಕ್ಕಾಗಿ, ಐಸಾಯನೇ ಮುರಿದಿದ್ದ.

ಅವಳು ಎದ್ದು ನಿಂತಳು.

ಪ್ರಿಚರ್ಡ್ ಚಪ್ಪಾಳೆ ತಟ್ಟಿದರು, ಒಬ್ಬರೇ. “ಥ್ಯಾಂಕ್ ಯೂ, ಮಿಸ್ ಐಡೆಲ್! ಇದು ದೊಡ್ಡ ಮನಸ್ಸು.”

ಡೀಕನ್‌ರ ಮುಖಕ್ಕೆ ಜೀವ ಬಂತು. “ಎದ್ದೆಯಾ? ದೇವರು ದೊಡ್ಡವನು. ಹಾಡು ಶುರು ಮಾಡೋಣ. ಐಡೆಲ್, ನಿಲ್ಲು, ನೀನೇ ಎತ್ತಿಕೊಡು. ಡೋರಾ ಇದ್ದಿದ್ರೆ ಅವಳೂ ಇದನ್ನೇ...”

ಐಡೆಲ್ ಕೈಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡಳು. ಸೊಟ್ಟ ಬೆಂಚುಗಳ ನಡುವೆ ಬಾಗಿಲ ಕಡೆ ನಡೆದಳು. ಪ್ರಿಚರ್ಡ್ ಚಾಚಿದ ಕೈಯ ಪಕ್ಕದಿಂದಲೇ ಹೋದಳು.

“...ಐಡೆಲ್, ಹಾಡು ಮುಗಿಯೋವರೆಗಾದ್ರೂ ಇರೇ! ನೀನು ಹೊರಗೆ ಹೋದ್ರೆ ಇದೆಲ್ಲ ಬಿದ್ದು ಹೋಗುತ್ತೆ, ಗೊತ್ತಲ್ಲ ನಿನಗೆ? ಕೇಳು, ಒಂದೇ ಮಾತು ಕೇಳು, ನಾನು ಏನು ಹೇಳ್ತಿದೀನಿ ಅಂದ್ರೆ...”

ಅವಳು ಮೆಟ್ಟಿಲಿಳಿದಾಗಿತ್ತು.