ಚಹಾಕ್ಕೆ ಕಳಿಸುವ ಹುಚ್ಚರಾಯಪ್ಪ

ಬಳ್ಳಿಗಾವಿ ಕಡೆ ಮೆಕ್ಕೆಜೋಳ ಒಕ್ಕುವ ಮಷೀನು ಇಟ್ಟಿರುವ ಹುಚ್ಚರಾಯಪ್ಪನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಪಕ್ಕದ ಮನೆಯವನಾದ ನಾನು ಬೆಳಿಗ್ಗೆ "ಆರಾಮಾ?" ಅಂದರೂ, ಇವನು ಯಾಕೆ ಕೇಳಿದ ಅಂತ ಮಧ್ಯಾಹ್ನದವರೆಗೆ ಯೋಚಿಸುವ ಆಸಾಮಿ. ಆದರೆ ಒಂದು ಮಾತು ಒಪ್ಪಬೇಕು. ಅವನು ಉದ್ಧಾರವಾದದ್ದು ಆ ಅನುಮಾನದಿಂದಲೇ.

ಅವನು ಎತ್ತು ಕಟ್ಟಿ ಊರವರ ಕಣ ತುಳಿಸಿ ಹೊಟ್ಟೆ ಹೊರೆಯುತ್ತಿದ್ದ ಕಾಲದಲ್ಲಿ ಊರಿಗೆ ಮೊದಲ ಮಷೀನು ಬಂತು. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಅವನು ಮಾತ್ರ, ಇದು ನನ್ನ ಅನ್ನ ಕಸಿಯಲಿಕ್ಕೇ ಬಂದದ್ದು ಎಂದುಕೊಂಡು, ಆ ಮಷೀನಿನವನ ಹತ್ತಿರವೇ ಕೂಲಿಗೆ ಸೇರಿ ಕೆಲಸ ಕಲಿತ. ಸ್ವಂತ ಮಷೀನು ತಂದ ಮೇಲೆ, ರಿಪೇರಿಯವನು ಬೇಕಂತಲೇ ಕೆಡಿಸುತ್ತಾನೆಂಬ ಗುಮಾನಿ ಹತ್ತಿತು. ಶಿಕಾರಿಪುರಕ್ಕೆ ಹೋಗಿ ವೆಲ್ಡಿಂಗ್ ಕಲಿತು ಬಂದ. ಐವತ್ತು ದಾಟಿದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ಹೊಸ ಮಷೀನುಗಳ ಹೊಟ್ಟೆಯೊಳಗೆ ಏನೇನಿದೆ ಅಂತ ತಿಳಿದುಕೊಂಡ. ನಾವು ಮದುವೆಯಾದ ದಿನವೇ ಕಲಿಯುವುದನ್ನು ಬಿಟ್ಟವರು. ಅವನು ಹೆದರಿ ಹೆದರಿಯೇ ಕಲಿಯುತ್ತಾ ಹೋದ.

ಕಲಿತದ್ದನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಮಷೀನಿನೊಳಗೆ ತಿರುಗುವ ಡ್ರಮ್ಮಿಗೂ ಕೆಳಗಿನ ಜಾಲರಿಗೂ ನಡುವೆ ಸಂದು ಇರಬೇಕು. ಅದು ಕಿರಿದಾದರೆ ಕಾಳು ಒಡೆಯುತ್ತದೆ, ಅಗಲವಾದರೆ ಕಾಳು ತೆನೆಯಲ್ಲೇ ಉಳಿಯುತ್ತದೆ. ಅದನ್ನು ಹೊಂದಿಸುವ ಬೋಲ್ಟಿಗೆ ಕೈಹಾಕುವ ಹೊತ್ತಿಗೆ ಸರಿಯಾಗಿ ಎಲ್ಲರನ್ನೂ ಓಡಿಸುತ್ತಿದ್ದ.

"ಹೋಗ್ರಿ, ಒಂದೀಟು ಚಹಾ ತಗಂಡು ಬರ್ರಿ."

ನಾವು ಚಹಾ ತರುವಷ್ಟರಲ್ಲಿ ಮಷೀನು ಓಡುತ್ತಿರುತ್ತಿತ್ತು. ಮಗಳು ಗಂಗಾಶ್ರೀಯನ್ನೂ ಹೀಗೆಯೇ ಕಳಿಸುತ್ತಿದ್ದ. ಮಗಳ ಮೇಲೂ ಅನುಮಾನವೇ ಅಂತ ಕೇಳಿದರೆ, "ನಾಳೆ ಮದುವೆಯಾಗಿ ಹೋಗಾಕಿ. ಆ ಮನೆಯೋರು ಮಷೀನು ಇಟ್ರೆ?" ಅನ್ನುತ್ತಿದ್ದ.

ಈಚೆಗೆ ಅವನ ಕಣ್ಣಿಗೆ ಪೊರೆ ಬಂತು. ಯಾರಿಗೂ ಹೇಳಲಿಲ್ಲ. ಬೋಲ್ಟನ್ನು ಬೆರಳಿನಿಂದ ತಡವುತ್ತಿದ್ದದ್ದನ್ನು ನೋಡಿ ನಾನೇ ಪತ್ತೆ ಮಾಡಿದೆ. ಆಪರೇಷನ್ ಮಾಡಿಸಿಕೋ ಅಂದರೆ, "ಇರೋ ಕಣ್ಣೂ ತೆಗೀತಾರೆ" ಅಂದ. ಒಂದೇ ಒಂದು ಕಣದಲ್ಲಿ ಕಾಳು ಒಡೆದರೆ ಸಾಕು, ಗಿರಾಕಿಗಳೆಲ್ಲ ಸೊರಬದಲ್ಲಿ ಮಷೀನು ಇಟ್ಟಿರುವ ತೀರ್ಥೇಶನ ಪಾಲಾಗುತ್ತಾರೆಂಬ ಭಯ ಅವನಿಗೆ.

ಅದೇ ಹೊತ್ತಿಗೆ ಗಂಗಾಶ್ರೀ ಪ್ರತಿ ಗುರುವಾರ ಸೊರಬಕ್ಕೆ ಹೋಗತೊಡಗಿದಳು. ಕಂಪ್ಯೂಟರ್ ಕ್ಲಾಸ್ ಅಂದಳು. ಅಪ್ಪ ಅವಳು ಒಗೆಯಲು ಹಾಕಿದ ವೇಲನ್ನು ಎತ್ತಿ ಮೂಸಿ ನೋಡಿದ.

"ಚನ್ನೇಶ, ಕಂಪ್ಯೂಟರಿಗೆ ಗ್ರೀಸ್ ಹಚ್ತಾರೇನೋ?"

ನನ್ನನ್ನೂ ಎಳೆದುಕೊಂಡು ಅವಳ ಹಿಂದಿನ ಬಸ್ಸಿಗೆ ಹತ್ತಿದ. ಸೊರಬದಲ್ಲಿ, ತೀರ್ಥೇಶನ ಶೆಡ್ಡಿನೊಳಗೆ, ಮಗಳು ಸ್ಪ್ಯಾನರ್ ಹಿಡಿದು ಒಂದು ಮಷೀನಿನ ಕೆಳಗೆ ಕೂತಿದ್ದಳು. ಆ ಹುಡುಗ ತೀರ್ಥೇಶ ಪಕ್ಕದಲ್ಲಿ ಬಗ್ಗಿ ಬೆರಳು ಮಾಡಿ ಏನೋ ತೋರಿಸುತ್ತಿದ್ದ. ಬೇರೆ ಅಪ್ಪನಾಗಿದ್ದರೆ ಹುಡುಗ ಹುಡುಗಿ ಅಂತ ಕೂಗಾಡುತ್ತಿದ್ದ. ಇವನು ನನ್ನ ಕಿವಿಯಲ್ಲಿ, "ನನ್ನ ಕಸುಬೆಲ್ಲ ಅವನಿಗೆ ಹೇಳ್ಕೊಡ್ತಿದಾಳೆ!" ಅಂದ. ಹೇಳಿಕೊಡಲು ಇವನು ಅವಳಿಗೆ ಕಲಿಸಿದ್ದಾದರೂ ಏನು? ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವನೇ ಮಗಳ ಜೊತೆ ಮಾತು ಬಿಟ್ಟು, ಸ್ಪ್ಯಾನರ್ ಪೆಟ್ಟಿಗೆಗೆ ಬೀಗ ಜಡಿದ.

ಸುಗ್ಗಿಯಲ್ಲಿ ಅವನು ಹೆದರಿದ್ದು ನನ್ನ ಕಣದಲ್ಲೇ ಆಯಿತು. ಮೋಡ ಕವಿದಿತ್ತು, ತೆನೆಯ ರಾಶಿ ಬಯಲಲ್ಲಿತ್ತು. ಮಷೀನಿನಿಂದ ನುಚ್ಚು ಬಿತ್ತು. ಹುಚ್ಚರಾಯಪ್ಪ ಎಲ್ಲರನ್ನೂ ಚಹಾಕ್ಕೆ ಕಳಿಸಿದ. ನಾವು ಕುಡಿದು ಬಂದೆವು, ಮತ್ತೆ ನುಚ್ಚೇ ಬಿತ್ತು. ರಾಶಿ ನೋಡಿ ನನಗೆ ಅಳು ಬರುವುದೊಂದು ಬಾಕಿ.

"ತೀರ್ಥೇಶಂಗೆ ಫೋನ್ ಮಾಡ್ಲೇನ್ರಿ?" ಕಣಕ್ಕೆ ಕೂಲಿಗೆ ಬಂದಿದ್ದ ಗಿರೀಶ ಕೇಳಿದ. ಹುಚ್ಚರಾಯಪ್ಪ ಸ್ಪ್ಯಾನರನ್ನು ಇನ್ನೂ ಬಿಗಿಯಾಗಿ ಹಿಡಿದ.

ಬುತ್ತಿ ತಂದಿದ್ದ ಗಂಗಾಶ್ರೀ ನುಚ್ಚನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಅಪ್ಪನ ಕಣ್ಣನ್ನು ನೋಡಿದಳು. ಏನೂ ಕೇಳದೆ ಸ್ಪ್ಯಾನರಿಗೆ ಕೈಚಾಚಿದಳು. ಅವನು ಕೊಡಲಿಲ್ಲ. ನನ್ನ ಕಡೆ ನೋಡಿದ, ಗಿರೀಶನ ಕೈಯಲ್ಲಿದ್ದ ಫೋನ್ ನೋಡಿದ, ಮೋಡ ನೋಡಿದ. ಕೊನೆಗೆ ಕೊಟ್ಟ. ಕೊಟ್ಟು, ಏನು ಮಾಡುತ್ತಾಳೋ ನೋಡೋಣ ಅಂತ ಅವಳ ಭುಜದ ಮೇಲೇ ಬಗ್ಗಿದ.

ಗಂಗಾಶ್ರೀ ಕೈ ತಡೆದಳು.

"ಅಪ್ಪಾಜಿ, ನೀವೂ ಹೋಗಿ ಚಹಾ ಕುಡ್ಕಂಡು ಬರ್ರಿ."

ಜೀವಮಾನದಲ್ಲಿ ಮೊದಲ ಸಲ ಹುಚ್ಚರಾಯಪ್ಪ ಚಹಾಕ್ಕೆ ಹೋದ. ನಾನೂ ಜೊತೆಗೆ ಹೋದೆ. ಲೋಟ ತುಟಿಗೆ ಹೋಗಲೊಲ್ಲದು, ಅವನ ಕಿವಿಯೆಲ್ಲ ಮಷೀನಿನ ಕಡೆಗೇ. ಸದ್ದು ಶುರುವಾದದ್ದೇ ತಡ, ಲೋಟ ಅಲ್ಲೇ ಇಟ್ಟು ಓಡಿದ. ಬೀಳುತ್ತಿದ್ದ ಕಾಳನ್ನು ಬೊಗಸೆಯಲ್ಲಿ ಹಿಡಿದು, ಒಂದೊಂದನ್ನೇ ಬೆರಳಿನಿಂದ ಉಜ್ಜಿ ನೋಡಿದ. ಇಡೀ ಕಾಳು. ಅವನ ಕಣ್ಣಲ್ಲಿ ನೀರು ಬಂದದ್ದು ಧೂಳಿಗೆ ಅಂತ ಅವನೇ ಹೇಳಿದ. ಈ ಸಲ ನಾನು ಅವನನ್ನು ನಂಬಲಿಲ್ಲ.

ಮಳೆಗೆ ಮುಂಚೆ ಒಕ್ಕಣೆ ಮುಗಿಯಿತು. ಚೀಲ ಹೊಲಿಯುತ್ತಿದ್ದ ನನ್ನ ಪಕ್ಕ ಬಂದು ಕೂತ.

"ನನ್ನನ್ನ ಯಾಕೆ ಕಳಿಸಿದ್ಲೋ? ಏನೋ ಮುಚ್ಚಿಡ್ತಾಳೆ ಆಕಿ."

"ಯಾರ ಮಗಳು?" ಅಂದೆ.

ಅವನು ಅತ್ತಿತ್ತ ನೋಡಿ, ಯಾರಿಗೂ ಕೇಳಿಸದಂತೆ ಹೇಳಿದ:

"ಚನ್ನೇಶ, ನಾಳೆ ಕಣ್ಣಿನ ಆಸ್ಪತ್ರೆಗೆ ಜೊತೆಗೆ ಬಾರೋ. ಆಪರೇಷನ್ ಮಾಡಿಸ್ಕಂತೀನಿ. ಆ ಬೋಲ್ಟಿಗೆ ಆಕಿ ಏನು ಮಾಡ್ತಾಳೆ ಅಂತ ನಾನು ನೋಡ್ಬೇಕು."