ಬಸ್ಸಾರು ಉಂಡವರಲ್ಲಿ ಯಾರಿಗೆ ಜ್ವರ

ಕೋಗಿಲು ಬಡಾವಣೆಯ ಹದಿನೈದು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಮುನಿಕೆಂಪಮ್ಮ ಹದಿನೆಂಟು ವರ್ಷದಿಂದ ಆಯಾ. ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಬದಲಾಯಿಸುವುದು ಅವಳ ಕೆಲಸ. ಯಾರೂ ಹೇಳದೆ ಮೈಮೇಲೆ ಹಾಕಿಕೊಂಡ ಇನ್ನೊಂದು ಕೆಲಸವೆಂದರೆ ವಾರ್ಡಿಗೆ ಬರುವವರ ಮಾಸ್ಕ್ ನೋಡುವುದು. ಒಮ್ಮೆ ವೆಂಕಟಸ್ವಾಮಿ ಎಂಬ ಹಿರಿಯರು ಬಾಯಿಗಷ್ಟೇ ಮಾಸ್ಕ್ ಹಾಕಿಕೊಂಡು ಬಂದರು. “ಮೂಗೂ ಒಳಗಿಟ್ಕಳಿ ಯಜಮಾನ್ರೇ, ಅದೇನು ಬೀದಿ ನೋಡ್ತಾ ನಿಂತೈತಾ?” ಎಂದು ಕೇಳಿ, ಅವರು ನಗುತ್ತ ಮೇಲೆ ಏರಿಸಿಕೊಳ್ಳುವವರೆಗೂ ಬಾಗಿಲು ಬಿಡಲಿಲ್ಲ.

ಇಂಥವಳ ಮೇಲೇ ಅಪವಾದ ಬಂತು. ಒಂದೇ ವಾರದಲ್ಲಿ ಸಿಬ್ಬಂದಿಯ ನಾಲ್ವರಿಗೆ ಕೊರೊನಾ: ಲ್ಯಾಬಿನ ಜೀಷಾನ್, ಔಷಧಿ ಕೌಂಟರಿನ ಸುರೇಶ್, ನರ್ಸ್ ತೇಜಸ್ವಿನಿ, ರಿಸೆಪ್ಷನ್ನಿನ ರಂಜನಿ. ಎಲ್ಲ ಕೋಣೆಗೂ ಓಡಾಡುವವರು ನೀವೊಬ್ಬರೇ, ನಿಮ್ಮಿಂದಲೇ ಹರಡಿರಬೇಕು ಎಂದರು ಹೆಡ್ ನರ್ಸ್ ಸರಳಾ. ಪರೀಕ್ಷೆ ಮಾಡಿಸಿದರೆ ಮುನಿಕೆಂಪಮ್ಮನಿಗೆ ಏನೂ ಇರಲಿಲ್ಲ. ಆದರೂ ಸಂಜೆಯಿಂದ ಮನೆಯಲ್ಲಿರಿ, ಬೇಕಾದಾಗ ಕರೆಯುತ್ತೇವೆ ಎಂದರು. ಹಿಂದೆ ಹೀಗೆಯೇ ಮನೆಗೆ ಹೋದ ವಾಚ್‌ಮನ್ ಬ್ಯಾಟರಾಯಪ್ಪನನ್ನು ಇವತ್ತಿನವರೆಗೂ ಯಾರೂ ಕರೆದಿಲ್ಲ.

ಕಾರಿಡಾರು ಒರೆಸುತ್ತ ಮುನಿಕೆಂಪಮ್ಮ ಒಬ್ಬೊಬ್ಬರನ್ನೇ ಹಿಡಿದು ಯೋಚಿಸಿದಳು. ಜೀಷಾನ್ ವಾರ್ಡಿನ ಕಡೆ ತಲೆ ಹಾಕುವವನಲ್ಲ. ಸುರೇಶ್ ಕುರ್ಚಿ ಬಿಟ್ಟು ಏಳುವುದೇ ಊಟಕ್ಕೆ. ಹಾಗಾದರೆ ನಾಲ್ವರೂ ಸೇರಿದ್ದೆಲ್ಲಿ? ಶನಿವಾರ ಮಧ್ಯಾಹ್ನ, ಮೆಟ್ಟಿಲ ಕೆಳಗಿನ ಊಟದ ಕೋಣೆಯಲ್ಲಿ, ಅವಳೇ ತಂದಿದ್ದ ಹುರುಳಿಕಾಳಿನ ಬಸ್ಸಾರಿಗೆ. ಮಾಸ್ಕುಗಳು ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಬೆಕ್ಕು ನುಗ್ಗುತ್ತದೆಂದು ಇದ್ದೊಂದು ಕಿಟಕಿಗೆ ರಟ್ಟು ಹೊಡೆದವಳೂ ಅವಳೇ. ಗಂಟಲು ಕೆರೀತಿದೆ ಎನ್ನುತ್ತಲೇ ಜೀಷಾನ್ ಕ್ರಿಕೆಟ್ ವಿಷಯಕ್ಕೆ ಮುಕ್ಕಾಲು ಗಂಟೆ ಎಲ್ಲರ ಮುಖದ ಮುಂದೆ ಕೂಗಾಡಿದ್ದ. ಮಂಗಳವಾರದ ಹೊತ್ತಿಗೆ ಮಿಕ್ಕ ಮೂವರೂ ಮಲಗಿದ್ದರು. ಶನಿವಾರ ಒಪ್ಪೊತ್ತು ಇದ್ದು ಮಧ್ಯಾಹ್ನ ಉಣ್ಣದ ಮುನಿಕೆಂಪಮ್ಮ ಮಾತ್ರ ಬಡಿಸಿ ಹೊರಗೆ ಬಂದಿದ್ದಳು.

ಮಾಪನ್ನು ಗೋಡೆಗೆ ಒರಗಿಸಿ, ನೇರವಾಗಿ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರ್ ಸೇತುರಾಮರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅಲ್ಲೇ ಇದ್ದ ಸರಳಾ ತಕ್ಷಣ, ಅಂದರೆ ಆ ಸಾರಿನಿಂದಲೇ ಬಂದಿರುವುದು, ಹೊರಗಿನ ಊಟ ತರಬಾರದೆಂದು ನಾನು ಬೋರ್ಡ್ ಹಾಕಿಸಿದ್ದು ಅದಕ್ಕೇ ಎಂದರು.

ಮುನಿಕೆಂಪಮ್ಮ ಸೆರಗು ಸರಿಮಾಡಿಕೊಂಡಳು. ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದ ಮಾತೊಂದಿತ್ತು: ಆಡಿದರೆ ಸರಳಾಗೆ ಮುಖಭಂಗ, ಆಡದಿದ್ದರೆ ತನ್ನ ಕೆಲಸ ಹೋಗುತ್ತದೆ.

“ಸಾರಿಂದ ಬರೋದಾದ್ರೆ ಸರಳಮ್ಮೋರ್ಗೂ ಬರ್ಬೇಕಿತ್ತಲ್ಲ ಡಾಕ್ಟ್ರೇ. ಅವ್ರು ಎರಡು ಬಟ್ಲು ರೂಮ್ಗೇ ತರ್ಸ್ಕಂಡು ಒಬ್ರೇ ಕೂತು ಉಂಡ್ರು. ಒಂದು ಮುದ್ದೆನೂವೆ.”

ಸರಳಾ ಕನ್ನಡಕ ತೆಗೆದು ಒಂದೇ ಗಾಜನ್ನು ಮೂರು ಸಲ ಒರೆಸಿದರು.

“ಎರಡು ಬಟ್ಲಾ?” ಎಂದರು ಡಾಕ್ಟರು.

“ಸಣ್ಣ ಬಟ್ಲು ಸಾರ್,” ಎಂದರು ಸರಳಾ.

ಡಾಕ್ಟರು ನಗು ನುಂಗಿಕೊಂಡು, ಕಾಯಿಲೆ ಬಂದಿದ್ದು ತಟ್ಟೆಯಿಂದಲ್ಲ ಎಂದರು. ಉಸಿರಲ್ಲಿ, ಮಾತಲ್ಲಿ ಹೊರಬಿದ್ದದ್ದು ಮುಚ್ಚಿದ ಕೋಣೆಯಲ್ಲಿ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತಿರುತ್ತದೆ. ರೋಗಿಗಳ ಹತ್ತಿರ ನಾವು ಹುಷಾರು, ನಮ್ಮನಮ್ಮವರು ಸೇರಿದಾಗ ಮೈಮರೆಯುತ್ತೇವೆ. ರಟ್ಟು ಕೀಳಿಸಿ, ಕಿಟಕಿಗೆ ಜಾಲರಿ ಹಾಕಿಸಲು ಹೇಳಿದರು. ಊಟಕ್ಕೆ ಒಮ್ಮೆಗೆ ಇಬ್ಬರೇ. ಗಂಟಲು ಕೆರೆದವರು ಮೊದಲು ಪರೀಕ್ಷೆಗೆ, ಆಮೇಲೆ ಕೆಲಸಕ್ಕೆ.

ಅವಳನ್ನು ಮನೆಗೆ ಕಳಿಸುವ ವಿಚಾರ ಮಾತ್ರ ಯಾರೂ ಎತ್ತಲಿಲ್ಲ. ಸಂಜೆ ಮುನಿಕೆಂಪಮ್ಮ ಚೀಲ ಹಿಡಿದು, ಹೊರಡಲೂ ಆಗದೆ ಇರಲೂ ಆಗದೆ ಬಾಗಿಲಲ್ಲಿ ನಿಂತಿದ್ದಳು. ಸರಳಾ ಅವಳ ಮುಖ ನೋಡದೆಯೇ ಮುಂದೆ ದಾಟಿದವರು ನಾಲ್ಕು ಹೆಜ್ಜೆ ಹೋಗಿ ನಿಂತರು.

“ಆರನೇ ಬೆಡ್ ಡಿಸ್ಚಾರ್ಜ್ ಆಯ್ತು, ಶೀಟ್ ತೆಗೀರಿ. ನಾಳೆ ಏಳಕ್ಕೇ ಬಂದ್ಬಿಡಿ, ನಾಲ್ಕು ಜನ ಇಲ್ಲ ಇಲ್ಲಿ.”

ಮುನಿಕೆಂಪಮ್ಮ ಚೀಲವನ್ನು ಅಲ್ಲೇ ಗೂಟಕ್ಕೆ ಹಾಕಿ, ಒಗೆದ ಶೀಟು ತರಲು ಒಳಗೆ ಹೋದಳು.